ಕಂಡಕ್ಟರ್ ಕೃಪಾವತಿಯ ಹಟ

ತಿಪಟೂರಿನಿಂದ ತುರುವೇಕೆರೆ ಮೇಲೆ ಮಾಯಸಂದ್ರಕ್ಕೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಒಮ್ಮೆಯಾದರೂ ಓಡಾಡಿದವರಿಗೆ ಕೃಪಾವತಿಯ ಗಂಟಲಿನ ಪರಿಚಯ ಇದ್ದೇ ಇರುತ್ತದೆ. "ಒಳಗಡೆ ನಡೀರಿ, ಬಾಗ್ಲಲ್ಲೇ ನಿಂತ್ಕೊಳಕ್ಕೆ ಇದೇನು ನಿಮ್ಮನೆ ಜಗಲೀನಾ?" ಎಂದು ಅವಳು ಹಿಂದಿನ ಬಾಗಿಲಿನಿಂದ ಕೂಗಿದರೆ, ಮುಂದೆ ಎಂಜಿನ್ ಪಕ್ಕ ಕೂತವನೂ ಕಾಲು ಮಡಚಿಕೊಳ್ಳುತ್ತಾನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ದಪ್ಪ ಮೀಸೆಯವನು, "ಹೆಂಗಸ್ರ ಕೈಲಿ ಟಿಕೆಟ್ ಹರಿಸ್ಕೊಳೋ ಕಾಲ ಬಂತಲ್ಲಪ್ಪ" ಎಂದು ಬಸ್ಸಿಗೆಲ್ಲ ಕೇಳುವಂತೆ ನಗೆಯಾಡಿ, ಟಿಕೆಟ್ ತೆಗೆದುಕೊಳ್ಳದೆ ಕಿಟಕಿಯಾಚೆ ನೋಡುತ್ತ ಕೂತಿದ್ದ. ಕೃಪಾವತಿ ಸೀಟಿ ಊದಿ ಬಸ್ಸು ನಿಲ್ಲಿಸಿದಳು. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಈ ಯಜಮಾನ್ರು ಟಿಕೆಟ್ ತಗೊಳೋವರ್ಗೂ ಬಸ್ಸು ಹೊರಡಲ್ಲ. ಯಾರಿಗೆ ಅರ್ಜೆಂಟಿದೆಯೋ ಅವ್ರು ಇವ್ರ ಹತ್ರ ಮಾತಾಡ್ಕೊಳಿ." ಡ್ರೈವರ್ ತಿಮ್ಮರಾಜು ಹಾಲ್ಕುರಿಕೆ ಕಡೆಯವನು, ಕಡಿಮೆ ಮಾತಿನವನು. ಅವನು ಎಂಜಿನ್ ಆಫ್ ಮಾಡಿ ಎಲೆಅಡಿಕೆ ಚೀಲ ಬಿಚ್ಚಿದ. ಸ್ವಲ್ಪ ಹೊತ್ತಿಗೆಲ್ಲ ಬಸ್ಸಿನ ತುಂಬ ಜನ ಮೀಸೆಯವನ ಮೇಲೆ ತಿರುಗಿಬಿದ್ದರು. ಅವತ್ತಿನಿಂದ ಆ ದಾರಿಯಲ್ಲಿ ಯಾರೂ ಅವಳನ್ನು ಕೆಣಕಲಿಲ್ಲ.

ಇಂಥವಳು ತನ್ನ ಮನೆಯಲ್ಲೇ ಸೋತಿದ್ದಳು. ಸೋತಿದ್ದೇನೆ ಎಂಬುದೂ ಅವಳಿಗೆ ತಿಳಿದಿರಲಿಲ್ಲ.

ಮನೆ ತಿಪಟೂರಿನ ಅಂಚಿನಲ್ಲಿತ್ತು. ಹಿಂದಗಡೆಯಿಂದಲೇ ತೆಂಗಿನ ತೋಟಗಳು ಶುರು. ಗಂಡ ದಯಾನಂದ್ ಕೊಬ್ಬರಿ ಮಂಡಿಯಲ್ಲಿ ತೂಕದ ಕೆಲಸ ಮಾಡುತ್ತಿದ್ದ. ಅವನ ತಾಯಿ ಸಂತೋಷಮ್ಮ ಎಂಬತ್ತು ದಾಟಿದವರು, ಹಂದನಕೆರೆ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವರು. ಒಬ್ಬಳೇ ಮಗಳು ಅನುಗ್ರಹ, ಮೊದಲ ವರ್ಷದ ಪಿಯುಸಿ. ಊರಿನ ಸಣ್ಣ ಚರ್ಚಿನಲ್ಲಿ ಮೂರು ತಲೆಮಾರಿನಿಂದ ಇದ್ದ ಕುಟುಂಬ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ, ಪಾಠ ಕೇಳಲೆಂದು ಕೃಪಾವತಿಯೇ ಮಗಳಿಗೆ ಫೋನು ತೆಗೆಸಿಕೊಟ್ಟಿದ್ದಳು. ಶಾಲೆ ತೆರೆಯಿತು, ಫೋನು ಮಾತ್ರ ಹುಡುಗಿಯ ಕೈ ಬಿಡಲಿಲ್ಲ. ಊಟದ ತಟ್ಟೆಯ ಪಕ್ಕ ಫೋನು, ದಿಂಬಿನ ಕೆಳಗೆ ಫೋನು, ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗಲೂ ತೊಡೆಯ ಕೆಳಗೆ ಫೋನು. ಹಾಡಿನ ಮೇಲೆ ಹಾಡು, ಕುಣಿತದ ಮೇಲೆ ಕುಣಿತ, ಯಾರದೋ ಮನೆ, ಯಾರದೋ ಮೇಕಪ್ಪು, ಯಾರದೋ ಜಗಳ. ಬೆರಳು ಮೇಲೆ ತಳ್ಳುತ್ತಲೇ ಇರುತ್ತಿತ್ತು. ಕೇಳಿದರೆ "ಹೂಂ" ಎನ್ನುವಳು. ಏನು ಕೇಳಿದ್ದೆಂದು ಮತ್ತೆ ಕೇಳಿದರೆ ಗೊತ್ತಿರುತ್ತಿರಲಿಲ್ಲ.

ಬಸ್ಸಿನಲ್ಲೂ ಅದೇ ಕತೆ. ಮೊದಲೆಲ್ಲ ಕಾಯಿ ರೇಟು, ಬಾಣಂತನ, ಕೋರ್ಟು ಕೇಸು ಎಂದು ಗಿಜಿಗಿಜಿ ಎನ್ನುತ್ತಿದ್ದ ಬಸ್ಸಿನಲ್ಲಿ ಈಗ ಹಿಂದಿನಿಂದ ನೋಡಿದರೆ ಬಗ್ಗಿದ ಕತ್ತುಗಳೇ. ಇಳಿಯುವ ಊರು ದಾಟಿದ ಮೇಲೆ "ಅಯ್ಯಯ್ಯೋ, ಹೋಲ್ಡಾನ್!" ಎನ್ನುವವರಿಗೆ ಕೃಪಾವತಿ ಚೆನ್ನಾಗಿ ಬೈಯುತ್ತಿದ್ದಳು. ಮನೆಗೆ ಬಂದರೆ ಬೈಯಲೂ ತ್ರಾಣವಿರುತ್ತಿರಲಿಲ್ಲ. ಮಗಳು ಸುಮ್ಮನೆ ಒಂದು ಕಡೆ ಕೂತಿದ್ದಾಳಲ್ಲ, ಅಷ್ಟೇ ಸಾಕು ಅನ್ನಿಸುತ್ತಿತ್ತು.

ಜನವರಿಯ ಒಂದು ಮಧ್ಯಾಹ್ನ. ಕೃಪಾವತಿ ಬಸ್ಸಿನಲ್ಲಿ, ದಯಾನಂದ್ ಮಂಡಿಯಲ್ಲಿ. ಮನೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ. ಒಳಕೋಣೆಯಲ್ಲಿ ಮಲಗಿದ್ದ ಸಂತೋಷಮ್ಮನವರಿಗೆ ಬಾಯಾರಿತು. "ಅನು, ಒಂದ್ಲೋಟ ನೀರ್ ತತ್ತೀಯಾ ಮಗಾ" ಎಂದು ಕರೆದರು. ಮತ್ತೆ ಕರೆದರು. ನಡುಮನೆಯಲ್ಲಿ ಕೂತಿದ್ದ ಅನುಗ್ರಹಳ ಎರಡು ಕಿವಿಯಲ್ಲೂ ಇಯರ್‌ಫೋನು. ಅಜ್ಜಿ ತಾವೇ ಗೋಡೆ ಹಿಡಿದು ಎದ್ದರು. ಹೊಸ್ತಿಲು ಎಡವಿ ಬಿದ್ದರು.

ಮಜ್ಜಿಗೆ ಕೊಡಲು ಬಂದ ಪಕ್ಕದ ತೋಟದ ಗಂಗಕ್ಕ ನೋಡಿದ್ದು ಇಷ್ಟು: ಹೊಸ್ತಿಲ ಆಚೆ ನೆಲದ ಮೇಲೆ ಮುದುಕಿ ನರಳುತ್ತಿದ್ದಾಳೆ, ಈಚೆ ಕೂತ ಹುಡುಗಿ ಫೋನು ನೋಡಿ ನಗುತ್ತಿದ್ದಾಳೆ. ಗಂಗಕ್ಕ ಓಡಿಬಂದು ಭುಜ ಹಿಡಿದು ಅಲುಗಿಸಿದ ಮೇಲೆಯೇ ಅನುಗ್ರಹ ತಲೆಯೆತ್ತಿದ್ದು.

ಸೊಂಟದ ಮೂಳೆ ಮುರಿದಿತ್ತು. ಹಾಸನಕ್ಕೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದರು. ಮಂಚದ ಮೇಲಿಂದಲೇ ಸಂತೋಷಮ್ಮ ಮೊಮ್ಮಗಳ ಕೈ ಹಿಡಿದು, "ನಾನೇ ನಿಧಾನಕ್ಕೆ ಏಳ್ಬೇಕಾಗಿತ್ತು ಬುಡವ್ವ" ಎಂದರು. ಆ ಮಾತು ಕೇಳಿದ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತವಳು ಆಸ್ಪತ್ರೆಯ ಹೊರಗಿನ ಬೆಂಚಿಗೆ ಬಂದು ಮತ್ತೆ ಫೋನು ತೆಗೆದಳು. ಅದನ್ನು ಕೃಪಾವತಿ ನೋಡಿದಳು. ಕೈಯೆತ್ತಿ ಹೊಡೆಯಬೇಕೆಂದು ಹತ್ತಿರ ಹೋದವಳು ಮಗಳ ಮುಖ ನೋಡಿ ನಿಂತುಬಿಟ್ಟಳು. ಕಣ್ಣೀರು ಸುರಿಯುತ್ತಲೇ ಇತ್ತು, ಬೆರಳು ತನ್ನಷ್ಟಕ್ಕೆ ತಾನು ತಳ್ಳುತ್ತಲೇ ಇತ್ತು. ಮಗಳು ಏನನ್ನೂ ನೋಡುತ್ತಿರಲಿಲ್ಲ.

ಇದು ಕೊಬ್ಬಲ್ಲ, ಮಗು ಯಾವುದೋ ಹಿಡಿತಕ್ಕೆ ಸಿಕ್ಕಿಬಿದ್ದಿದೆ ಎಂದು ಕೃಪಾವತಿಗೆ ಅವತ್ತು ಅರ್ಥವಾಯಿತು. ಅಲ್ಲೇ, ಫಿನಾಯಿಲ್ ವಾಸನೆಯ ಆ ಓಣಿಯಲ್ಲಿ, ಗೋಡೆಗೆ ಹಣೆಯಿಟ್ಟು ದೇವರ ಹತ್ತಿರ ಮಾತಾಡಿದಳು. ಬೇಡಿಕೊಂಡಳು ಎನ್ನುವುದಕ್ಕಿಂತ ಜಗಳಕ್ಕೇ ನಿಂತಳು. "ಇವಳನ್ನ ಕೊಟ್ಟೋನು ನೀನು. ಯಾವನೋ ಮುಖಾನೇ ಕಾಣದೋನು ಬಂದು ಕಿತ್ಕೊಂಡು ಹೋಗೋದನ್ನ ನೋಡ್ಕೊಂಡು ಕೂರಲ್ಲ ನಾನು. ನೀನೂ ಕೂರಬೇಡ, ಕರ್ತನೇ."

ಸುದ್ದಿ ಚರ್ಚಿಗೆ ಮುಟ್ಟುವುದು ತಡವಾಗಲಿಲ್ಲ. ಮುಂದಿನ ಭಾನುವಾರ ಆರಾಧನೆ ಮುಗಿಯುವ ಹೊತ್ತಿಗೆ ಸಭೆಯ ಕಾರ್ಯದರ್ಶಿ ವಿಜಯಪಾಲ್ ಎದ್ದು ನಿಂತರು. ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು, ಚರ್ಚಿನ ಚಾವಣಿಗೆ ಶೀಟು ಹಾಕಿಸಿಕೊಟ್ಟವರು. ಅವರ ಮಾತಿಗೆ ಎದುರಾಡುವವರು ಇರಲಿಲ್ಲ.

"ಪ್ರಿಯರೇ, ನಮ್ಮಲ್ಲೇ ಒಂದು ಕುಟುಂಬಕ್ಕೆ ಏನಾಯ್ತು ಅಂತ ಎಲ್ಲರಿಗೂ ಗೊತ್ತು. ಫೋನು ಅನ್ನೋದು ಸೈತಾನನ ಬಲೆ. ಆ ಮಗಳು ಮುಂದೆ ಬಂದು ಸಭೆಯ ಎದುರು ತಪ್ಪೊಪ್ಪಿಕೊಂಡು ಫೋನನ್ನ ಇಲ್ಲಿ ಒಪ್ಪಿಸಲಿ. ಬೇರೆ ಮಕ್ಕಳಿಗೂ ಬುದ್ಧಿ ಬರುತ್ತೆ."

ಹೊಸದಾಗಿ ಬಂದಿದ್ದ ಪ್ರಸನ್ನಕುಮಾರ್ ಅಯ್ಯನವರು ಎಳೆಯ ವಯಸ್ಸಿನ ಪಾಸ್ಟರು. ಕಾರ್ಯದರ್ಶಿಯನ್ನು ತಡೆಯದೆ ಕೈಕಟ್ಟಿ ನಿಂತರು. ಬೆಂಚಿನ ಮೇಲಿದ್ದವರೆಲ್ಲ ಹಿಂತಿರುಗಿ ನೋಡಿದರು. ಅನುಗ್ರಹ ಎದ್ದಳು. ಮುಂದೆ ಹೋಗಿ ಎಲ್ಲರಿಗೂ ಮುಖ ಕೊಟ್ಟು ನಿಂತಳು.

ಆಗ ಕೃಪಾವತಿಯ ಕಣ್ಣಿಗೆ ಬಿದ್ದದ್ದು ಪ್ರಸಂಗಪೀಠದ ಪಕ್ಕದ ಸ್ಟ್ಯಾಂಡು. ಅದರ ಮೇಲೊಂದು ಫೋನು. ಪ್ರತಿ ವಾರದಂತೆ ಅವತ್ತೂ ಆರಾಧನೆಯನ್ನು ಲೈವ್ ಬಿಟ್ಟಿದ್ದರು. ಅದರ ಕಣ್ಣು ನೇರ ಅವಳ ಮಗಳ ಮುಖಕ್ಕೇ ನೆಟ್ಟಿತ್ತು.

ಅವಳು ಎದ್ದು ಹೋಗಿ ಆ ಫೋನನ್ನು ಗೋಡೆಯ ಕಡೆಗೆ ತಿರುಗಿಸಿದಳು.

"ಮೊದ್ಲು ಇದನ್ನ ಆಫ್ ಮಾಡಿ" ಎಂದಳು. ಬಸ್ಸಿನ ಗಂಟಲು. ಚರ್ಚಿನ ಶೀಟುಗಳಿಗೆ ತಗುಲಿ ಕೆಳಗೆ ಬಂತು.

"ಕೃಪಾವತಮ್ಮ, ಇದು ದೇವರ ಮನೆ" ಎಂದರು ವಿಜಯಪಾಲ್.

"ಗೊತ್ತು ಕಣ್ರೀ. ಅದಕ್ಕೇ ಹೇಳ್ತಿರೋದು. ಇವಳು ಕ್ಷಮೆ ಕೇಳ್ಬೇಕಾದ್ದು ಅವರಜ್ಜಿ ಹತ್ರ, ಕೇಳಿದಾಳೆ. ದೇವರ ಹತ್ರ ಏನ್ ಕೇಳ್ತಾಳೋ ಅದು ಅವಳಿಗೂ ಅವನಿಗೂ ಬಿಟ್ಟಿದ್ದು. ನಿಮ್ ಮುಂದೆ ಯಾಕ್ರೀ? ಫೋನ್ ಕೈಗೆ ಕೊಟ್ಟೋಳು ನಾನು. ಇವಳು ಸುಮ್ನಿದ್ರೆ ಸಾಕು ಅಂತ ಬಿಟ್ಟೋಳೂ ನಾನೇ. ನಿಲ್ಸೋದಾದ್ರೆ ಇಬ್ಬರನ್ನೂ ನಿಲ್ಸಿ." ಅವಳು ಮಗಳ ಪಕ್ಕ ಹೋಗಿ ನಿಂತಳು. "ಇಲ್ಲಿ ಕೂತಿರೋರಲ್ಲಿ ಇವತ್ತು ಬೆಳಿಗ್ಗೆ ಎದ್ದು ದೇವರ ಹೆಸರು ಹೇಳೋ ಮುಂಚೆ ಫೋನ್ ಮುಟ್ಟದೇ ಇರೋರು ಯಾರಾದ್ರೂ ಇದ್ರೆ, ಅವ್ರು ಬಂದು ನಮಗೆ ಬುದ್ಧಿ ಹೇಳ್ಲಿ."

ಕೆಲವರು ಜೇಬಿನ ಮೇಲೆ ಕೈಯಿಟ್ಟುಕೊಂಡರು. ಒಂದು ಮಗು ಅತ್ತಿತು. ಆಮೇಲೆ ಗಂಡಸರ ಕಡೆಯ ಹಿಂದಿನ ಬೆಂಚಿನಿಂದ ಒಬ್ಬ ಎದ್ದ. ವಿಜಯಪಾಲ್ ಅವರ ಕಿರಿಯ ಮಗ ಜೋಯಲ್. ಡಿಪ್ಲೊಮಾ ಓದುತ್ತಿದ್ದ ಹುಡುಗ. ಅಪ್ಪನ ಮುಖ ನೋಡದೆ ಮುಂದೆ ಬಂದು ಅನುಗ್ರಹಳ ಇನ್ನೊಂದು ಪಕ್ಕ ನಿಂತ.

"ಏಯ್, ಏನ್ಲಾ ಇದು?" ಎಂದರು ವಿಜಯಪಾಲ್.

"ನಾನೂ ಅಷ್ಟೇ ಅಪ್ಪ" ಎಂದ ಜೋಯಲ್. "ಗೇಮ್ ಆಡ್ತಾ ಇದ್ದಾಗ ಊಟಕ್ ಕರೆದ್ಲು ಅಂತ ಅಮ್ಮನ್ ಮೇಲೆ ತಟ್ಟೆ ಎಸೆದಿದೀನಿ. ಅಮ್ಮ ನಿಮಗ್ ಹೇಳಿಲ್ಲ."

ಹೆಂಗಸರ ಸಾಲಿನಲ್ಲಿ ಅವನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಯ್ಯನವರು ಬೇಗ ಬೇಗ ಆಶೀರ್ವಾದ ಹೇಳಿ ಆರಾಧನೆ ಮುಗಿಸಿದರು.

ಆ ವಾರವೇ ಕೃಪಾವತಿ ಕಮಿಟಿಯ ಹತ್ತಿರ ಹೋಗಿ, ಭಾನುವಾರ ಮಧ್ಯಾಹ್ನ ಫೋನಿಗೆ ಸಿಕ್ಕಿಬಿದ್ದ ಮಕ್ಕಳನ್ನು ಪ್ರಾರ್ಥನೆಗೆ ಕೂರಿಸಿಕೊಳ್ಳಲು ಚರ್ಚಿನ ಹಿಂದಿನ ಹಾಲ್ ಕೊಡಿ ಎಂದು ಕೇಳಿದಳು. ಕೊಡಲಿಲ್ಲ. ಸಭೆಯ ಶಿಸ್ತು ಕೆಡಿಸಿದವರಿಗೆ ಹಾಲ್ ಕೊಡುವ ಪದ್ಧತಿಯಿಲ್ಲ ಎಂದರು ವಿಜಯಪಾಲ್. ದಯಾನಂದ್ ಮನೆಯಲ್ಲಿ, "ಬುಟ್ಬುಡೇ, ಇರೋ ಮೂವತ್ತು ಮನೇಲಿ ಜಗಳ ಯಾಕೆ" ಎಂದ.

"ಜಗಳ ಅವ್ರ ಮೇಲಲ್ಲ ಕಣ್ರೀ" ಎಂದಳು ಕೃಪಾವತಿ. "ಅವ್ರು ಅಡ್ಡ ಬಂದ್ರೆ ಅವ್ರ ಮೇಲೂ ಸರಿ."

ಜಾಗ ಕೊಟ್ಟವಳು ಗಂಗಕ್ಕ. "ನಮ್ ತೋಟದಲ್ಲಿ ಕೂತ್ಕೊಳಿ ಬನ್ನಿ. ನಿಮ್ ದೇವ್ರು ನೆರಳಲ್ಲಿ ಕೂತ್ರೆ ನಮ್ ದೇವ್ರೇನ್ ಬ್ಯಾಡ ಅಂದಾನಾ?" ಎಂದು ನಕ್ಕು, ಬಿದ್ದ ಗರಿಗಳನ್ನೆಲ್ಲ ಒಂದು ಕಡೆ ಎಳೆಸಿ, ಚಾಪೆ ಹಾಸಿಕೊಟ್ಟಳು. ಅನುಗ್ರಹ, ಜೋಯಲ್, ಇನ್ನೂ ಮೂರು ಮಕ್ಕಳು ಬಂದರು.

ಮೊದಲ ಭಾನುವಾರ ಪೂರಾ ಕೆಟ್ಟುಹೋಯಿತು. ಫೋನುಗಳನ್ನು ಮನೆಯಲ್ಲಿಟ್ಟು ಬನ್ನಿ ಎಂದಿದ್ದಳು. ಇಟ್ಟು ಬಂದವರ ಕೈಗೆ ಕೆಲಸವಿಲ್ಲ. ಒಬ್ಬ ಹುಲ್ಲು ಕಿತ್ತ, ಒಬ್ಬಳು ಉಗುರು ಕಚ್ಚಿದಳು, ಜೋಯಲನ ಕೈ ಖಾಲಿ ಜೇಬಿಗೆ ಹೋಗಿ ಹೋಗಿ ಬರುತ್ತಿತ್ತು. ಕೃಪಾವತಿ ಹಾಡು ಹೇಳಿಕೊಟ್ಟಳು, ಯಾರೂ ದನಿಗೂಡಿಸಲಿಲ್ಲ. ಪ್ರಾರ್ಥನೆ ಮಾಡಿದಳು, ಆಕಳಿಕೆ ಕೇಳಿಸಿತು.

ಜೋಯಲ್ ಕೇಳಿಯೇಬಿಟ್ಟ. "ಆಂಟಿ, ಪ್ರಾರ್ಥನೆ ಮಾಡಿದ್ರೆ ಇದು ಹೋಗುತ್ತಾ?"

ಅವಳು ಚಾಪೆಯ ಮೇಲೆ ಅವನಿಗೆ ಎದುರಾಗಿ ಕೂತಳು. "ಹೋಗುತ್ತೆ ಅಂತ ಸುಳ್ ಹೇಳಲ್ಲ ಕಣಪ್ಪ. ಪ್ರಾರ್ಥನೆ ಅಂದ್ರೆ ಮಂತ್ರ ಅಲ್ಲ. ನೀನು ಬೇಡ ಅನ್ನೋವಾಗ ಪಕ್ಕದಲ್ಲಿ ಒಬ್ಬ ನಿಂತಿರ್ತಾನೆ, ಅಷ್ಟು ನಂಗೊತ್ತು. ಬೇಡ ಅನ್ನೋದು ಮಾತ್ರ ನೀನೇ ಅನ್ಬೇಕು."

"ನಿನ್ ದೇವ್ರು ಬೋರು ಅಮ್ಮ" ಎಂದಳು ಅನುಗ್ರಹ, ತಲೆ ಬಗ್ಗಿಸಿಕೊಂಡೇ. "ಫೋನಲ್ಲಿ ಯಾರಾದ್ರೂ ಇರ್ತಾರೆ. ಇಲ್ಲಿ ಯಾರಿದಾರೆ?"

ಉಳಿದ ಮಕ್ಕಳು ಬೆಚ್ಚಿಬಿದ್ದರು. ಕೃಪಾವತಿಗೂ ಒಮ್ಮೆ ಚುರುಕ್ಕೆಂದಿತು. ಆದರೆ ಮಗಳು ಬಹಳ ದಿನಗಳ ಮೇಲೆ ಒಂದು ಪೂರ್ತಿ ಮಾತು ಆಡಿದ್ದಳು. ವಾರವಿಡೀ ಬಸ್ಸಿನಲ್ಲಿ ಅದೇ ಮಾತು ತಲೆಯಲ್ಲಿ ಸುತ್ತಿತು. ಯಾರಿದಾರೆ? ಅವಳು ಬಗ್ಗಿದ ಕತ್ತುಗಳನ್ನು ನೋಡುತ್ತ ಟಿಕೆಟ್ ಕೊಡುತ್ತ ಹೋದಳು. ಎಲ್ಲರೂ ಇದ್ದಾರೆ, ಯಾರ ಮುಖವನ್ನೂ ಯಾರೂ ನೋಡುತ್ತಿಲ್ಲ. ತಾವು ಮುಖವನ್ನೇ ನೋಡದವರಿಗಾಗಿ ಪ್ರಾರ್ಥನೆ ಮಾಡಿ ಎಂದರೆ ಮಕ್ಕಳು ಏನೆಂದು ಮಾಡಿಯಾರು?

ಎರಡನೆಯ ಭಾನುವಾರ ಅವಳು ಹಾಡು, ಉಪದೇಶ ಎಲ್ಲ ಬಿಟ್ಟಳು. ಅವರಿಗೆ ಒಂದೇ ಕೆಲಸ ಹೇಳಿದಳು. "ದಿನಕ್ಕೆ ಒಬ್ಬರು. ಯಾರಾದ್ರೂ ಸರಿ. ಅವ್ರ ಮುಖ ನೋಡ್ಕೊಂಡು, ಅವ್ರ ಮಾತು ಮುಗಿಯೋವರ್ಗೂ ಕೇಳ್ಬೇಕು. ಮಧ್ಯ ಎದ್ದು ಹೋಗಂಗಿಲ್ಲ. ಮಲಗೋ ಮುಂಚೆ ಅವ್ರ ಹೆಸರು ಹೇಳಿ, ಅವ್ರ ಕಷ್ಟ ಏನೋ ಅದನ್ನ ದೇವರಿಗೆ ಹೇಳ್ಬೇಕು. ಬೆಳಿಗ್ಗೆ ಎದ್ರೆ ಮೊದಲ್ನೇ ಮಾತು ದೇವರ ಹತ್ರ, ಎರಡ್ನೇದು ಮನೆಯೋರ ಹತ್ರ. ಆಮೇಲೆ ಫೋನು."

"ಫೋನ್ ಬಿಡ್ಬೇಕು ಅಂತಿಲ್ವಾ?" ಎಂದ ಜೋಯಲ್.

"ಕಾಲೇಜಿಗೆ ಬೇಕಲ್ಲ, ಇಟ್ಕೋ. ಅದು ನಿನ್ ಜೇಬಲ್ಲಿರ್ಲಿ. ನೀನು ಅದರ ಜೇಬಲ್ಲಿ ಇರ್ಬೇಡ."

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಶುರುವಾಗಿದ್ದವು. ದೊಡ್ಡವರು ಮಾಂಸ ಬಿಟ್ಟರು. ಮಕ್ಕಳು ಸಂಜೆ ಹೊತ್ತು ಫೋನು ಬಿಟ್ಟರು. ಕೃಪಾವತಿ ಡಿಪೋದಲ್ಲಿ ಬಿಡುವಿದ್ದಾಗ ನೋಡುತ್ತಿದ್ದ ಧಾರಾವಾಹಿಗಳನ್ನು ಬಿಟ್ಟಳು. ಬಿಡುವುದು ಎಷ್ಟು ಕಷ್ಟ ಎಂದು ಅವಳಿಗೂ ಆಗಲೇ ಗೊತ್ತಾದದ್ದು. "ಸೊಸೆ ಸಿಕ್ಬಿದ್ಲಾ ಇಲ್ವಾ, ಅಷ್ಟು ಹೇಳಪ್ಪ" ಎಂದು ತಿಮ್ಮರಾಜುವನ್ನು ಕೇಳಿದರೆ, ಅವನು "ನೀನು ಉಪವಾಸ ಕಣಕ್ಕ, ನಾನ್ ಹೇಳಿದ್ರೆ ಪಾಪ ನಂಗೆ ಸುತ್ಕೊಳುತ್ತೆ" ಎಂದು ಗೇರು ಹಾಕಿದ.

ಅನುಗ್ರಹ ಮೊದಲ ಕೆಲವು ದಿನ ಕಾಟಾಚಾರಕ್ಕೆ ಮಾಡಿದಳು. ಒಂದು ದಿನ ಯಾರೂ ಸಿಗದೆ, ಕಡೆಗೆ ಅಜ್ಜಿಯ ಮಂಚದ ಹತ್ತಿರ ಸ್ಟೂಲು ಎಳೆದುಕೊಂಡು ಕೂತು, "ಅಜ್ಜಿ, ಏನಾದ್ರೂ ಹೇಳು" ಎಂದಳು. ಅಡುಗೆಮನೆಯಲ್ಲಿ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದ ಕೃಪಾವತಿ ಕೈ ನಿಲ್ಲಿಸಿದಳು.

ಸಂತೋಷಮ್ಮ ತಮ್ಮ ಅಪ್ಪನ ಕತೆ ಹೇಳಿದರು. ಆ ಮನೆಯಲ್ಲಿ ಎಷ್ಟೋ ಸಲ ಹೇಳಿದ್ದ ಕತೆ. "ನಮ್ಮಪ್ಪ ಮೇಲ್ಕೇರಿ ಬೀದೀಲಿ ಹೋಗ್ಬೇಕಾದ್ರೆ ಕಾಲಲ್ಲಿರೋ ಎಕ್ಕಡ ಬಿಚ್ಚಿ ಕೈಲಿ ಹಿಡ್ಕೊಂಡು, ತಲೆ ಬಗ್ಗಿಸ್ಕೊಂಡು ಹೋಗ್ಬೇಕಾಗಿತ್ತು ಕಣ್ ಮಗಾ. ಎದುರಿಗ್ ಬಂದೋರ್ ಮುಖ ನೋಡಂಗಿರ್ಲಿಲ್ಲ. ಚರ್ಚ್ ಸಭೆಗ್ ಸೇರಿದ್ ಮೇಲೆ, ಇನ್ಮೇಲೆ ನಾನು ತಲೆ ತಗ್ಸೋದು ಒಬ್ಬನ್ ಮುಂದೆ, ಅವ್ನು ಮೇಲಿದಾನೆ ಅಂದ್ಬುಟ್ಟು, ಒಂದಿನ ಎಕ್ಕಡ ಮೆಟ್ಕೊಂಡೇ ಆ ಬೀದೀಲಿ ಹೋದ್ರು."

"ಆಮೇಲೆ?"

"ಆಮೇಲೇನು, ಹೊಡುದ್ರು. ಕಟ್ಟಾಕ್ಬುಟ್ಟು ಹೊಡುದ್ರು. ನಮ್ಮವ್ವ ಅರಿಶಿನ ಹಚ್ಚಿ ಮಲಗಿಸುದ್ರು."

"ಆಮೇಲೆ?"

"ಮಾರ್ನೇ ದಿನ ಎದ್ದು, ಎಕ್ಕಡ ಮೆಟ್ಕೊಂಡು, ಮತ್ತೆ ಅದೇ ಬೀದೀಲಿ ಹೋದ್ರು."

ಕೃಪಾವತಿ ಬಾಗಿಲಲ್ಲಿ ಇಣುಕಿದಳು. ಅನುಗ್ರಹ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. "ಇದನ್ನ ಮೊದ್ಲು ಯಾಕೆ ಹೇಳಿಲ್ಲ ಅಜ್ಜಿ?" ಎಂದಳು. ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕರು. "ಹೇಳ್ತಾನೇ ಇದ್ನಲ್ಲವ್ವ."

ಆ ದಿನದಿಂದ ಹುಡುಗಿಯ ಕೆಲಸದಲ್ಲಿ ಜೀವ ಬಂತು. ಗಂಗಕ್ಕನ ಮಾತು ಕೇಳಿದಳು, ತರಕಾರಿ ಮಾರುವ ನಸೀಮ್ ಬಾನುವಿನ ಮಂಡಿನೋವಿನ ಕತೆ ಕೇಳಿದಳು, ತನ್ನಪ್ಪ ದಯಾನಂದ್ ಚಿಕ್ಕವನಿದ್ದಾಗ ಕೊಳಲು ನುಡಿಸುತ್ತಿದ್ದ ಎಂಬುದನ್ನು ಮೊದಲ ಸಲ ಕೇಳಿದಳು. ಮಲಗುವ ಮುಂಚೆ ಆ ಹೆಸರುಗಳನ್ನು ಹೇಳಿ ಪ್ರಾರ್ಥನೆ ಮಾಡುವಳು. ಜೋಯಲ್ ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತು, ಅಪ್ಪ ಮಾತಾಡುವುದನ್ನು ಮುಗಿಯುವವರೆಗೂ ಕೇಳಿದನಂತೆ. "ಬೇಗ ಮುಗೀತು ಆಂಟಿ. ನಮ್ಮಪ್ಪಂಗೆ ನನ್ನತ್ರ ಏನ್ ಮಾತಾಡ್ಬೇಕು ಅಂತಾನೇ ಗೊತ್ತಿಲ್ಲ" ಎಂದ. ಮರುದಿನ ಮತ್ತೆ ಹೋಗಿ ಕೂತ.

ಹಾಗೆಂದು ಎಲ್ಲ ಸಲೀಸಾಗಿ ಸಾಗಲಿಲ್ಲ. ಐವರಲ್ಲಿ ಒಬ್ಬಳನ್ನು ಅವಳ ಅಪ್ಪ ಬಿಡಿಸಿಕೊಂಡ, "ತೋಟದಲ್ಲಿ ಕೂರಿಸ್ಕೊಂಡು ಏನ್ ಹೇಳ್ಕೊಡ್ತಾಳೋ ಏನೋ" ಎಂದು. ಆ ಹುಡುಗಿ ಮತ್ತೆ ಬರಲಿಲ್ಲ. ಕೃಪಾವತಿ ಈಗಲೂ ಅವಳ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಾಳೆ.

ಶುಭ ಶುಕ್ರವಾರಕ್ಕೆ ಇನ್ನೇನು ಮೂರು ದಿನ ಇದೆ ಎನ್ನುವಾಗ ಅನುಗ್ರಹಳೇ ಬಿದ್ದಳು. ಕಾಲೇಜಿನಲ್ಲಿ ಗೆಳತಿಯರು ಅಜ್ಜಿಯ ವಿಷಯ ಎತ್ತಿ ಗೇಲಿ ಮಾಡಿದ್ದರು. ಮನೆಗೆ ಬಂದವಳು ಬಚ್ಚಲ ಬಾಗಿಲು ಹಾಕಿಕೊಂಡು ಫೋನು ತೆರೆದಳು. ಕೃಪಾವತಿ ಡ್ಯೂಟಿ ಮುಗಿಸಿ ಬರುವವರೆಗೂ ಆಚೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು. ಫೋನನ್ನು ಅಮ್ಮನ ಮುಂದೆ ಇಟ್ಟು, "ನನ್ ಕೈಲಾಗಲ್ಲಮ್ಮ. ನಾನು ಕೆಟ್ಟೋಳು" ಎಂದಳು.

ಇಷ್ಟು ದಿನ ಹಲ್ಲುಕಚ್ಚಿಕೊಂಡಿದ್ದ ಕೃಪಾವತಿಗೆ ಅವತ್ತು ತಡೆಯಲಾಗಲಿಲ್ಲ. ಸಿಟ್ಟು ಮಗಳ ಮೇಲೋ, ಆ ಗೆಳತಿಯರ ಮೇಲೋ, ಆ ಕಪ್ಪು ಗಾಜಿನ ಮೇಲೋ ಅವಳಿಗೇ ತಿಳಿಯಲಿಲ್ಲ. ಫೋನು ತೆಗೆದುಕೊಂಡು ಹಿತ್ತಲಿಗೆ ಹೋದಳು. ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಕಾಯಿ ಒಡೆಯುವ ಮಚ್ಚು ಎತ್ತಿದಳು.

ಅನುಗ್ರಹ ಓಡಿಬಂದು ಅವಳ ಮುಂಗೈ ಹಿಡಿದಳು.

"ಬೇಡ."

"ಬಿಡೇ! ಇದು ಇದ್ರೆ ತಾನೇ?"

"ನೀನ್ ಒಡೆದ್ರೆ ನೀನ್ ಗೆದ್ದಂಗೆ ಅಮ್ಮ. ನಾನಲ್ಲ." ಹುಡುಗಿಯ ಹಿಡಿತ ಬಿಗಿಯಾಗಿತ್ತು. "ಮುತ್ತಾತ ಹೊಡೆಸ್ಕೊಂಡ್ ಮಾರನೇ ದಿನ ಬೇರೆ ಬೀದೀಲಿ ಹೋದ್ರಾ? ಅದೇ ಬೀದೀಲಿ ಹೋದ್ರು. ಇದು ಇಲ್ಲೇ ಇರ್ಲಿ. ನಾಳೆ ನಾನು ಮತ್ತೆ ಬೇಡ ಅಂತೀನಿ. ನಾಡಿದ್ದೂ ಅಂತೀನಿ."

ಕೃಪಾವತಿ ಮಗಳನ್ನು ನೋಡಿದಳು. ಎದುರಿಗೆ ನಿಂತವಳು ತಲೆಯೆತ್ತಿ, ಕಣ್ಣಿಗೆ ಕಣ್ಣು ಕೊಟ್ಟು, ಅಮ್ಮನದೇ ಗಂಟಲಿನಲ್ಲಿ ಮಾತಾಡುತ್ತಿದ್ದಳು. ಕೃಪಾವತಿ ಮಚ್ಚು ಕೆಳಗಿಟ್ಟಳು. ಇಬ್ಬರೂ ಆ ಕಲ್ಲಿನ ಪಕ್ಕವೇ ಮಂಡಿಯೂರಿದರು. ಏನು ಪ್ರಾರ್ಥಿಸಿದರೆಂದು ಕೃಪಾವತಿ ಯಾರಿಗೂ ಹೇಳಿಲ್ಲ. ಒಳಗಿನಿಂದ ಸಂತೋಷಮ್ಮ ಮಾತ್ರ ಗಟ್ಟಿಯಾಗಿ "ಆಮೆನ್" ಎಂದರು. ಅವರಿಗೆ ಎಷ್ಟು ಕೇಳಿಸಿತ್ತೋ.

ಮಾರನೆಯ ದಿನ ಅನುಗ್ರಹ ಹೇಳಿದ್ದನ್ನು ಮಾಡಿದಳು. ಅದಾದ ಮೇಲೂ ಆಗೊಮ್ಮೆ ಈಗೊಮ್ಮೆ ಬಿದ್ದಳು, ಎದ್ದಳು. ಬಿದ್ದದ್ದನ್ನು ಬಚ್ಚಿಡಲಿಲ್ಲ. ಅತ್ತುಕೊಂಡು ಕೂರಲೂ ಇಲ್ಲ.

ಈಸ್ಟರ್ ದಿನ ಸಂತೋಷಮ್ಮ ಉಕ್ಕಿನ ವಾಕರ್ ಹಿಡಿದು ಚರ್ಚಿಗೆ ಬಂದರು. ಪಕ್ಕದಲ್ಲಿ ಮೊಮ್ಮಗಳು ಹೆಜ್ಜೆಗೆ ಹೆಜ್ಜೆ ಹಾಕುತ್ತ ಬಂದಳು. ಸಭೆಯೆಲ್ಲ ನೋಡಿತು. ಆರಾಧನೆ ಮುಗಿದ ಮೇಲೆ ಪ್ರಸನ್ನಕುಮಾರ್ ಅಯ್ಯನವರು ಕೃಪಾವತಿಯನ್ನು ಪಕ್ಕಕ್ಕೆ ಕರೆದರು. ವಿಜಯಪಾಲ್ ಅವರೂ ಜೊತೆಗಿದ್ದರು. ಅವರ ಮುಖದಲ್ಲಿ ಹಿಂದಿನ ಗಡಸು ಇರಲಿಲ್ಲ. ಮಗ ಈಗ ದಿನವೂ ಮನೆಯಲ್ಲಿ ತಾಯಿಯ ಜೊತೆ ಕೂತು ಉಣ್ಣುತ್ತಿದ್ದ.

"ಕೃಪಾವತಮ್ಮ, ನೀವು ಮಾಡ್ತಿರೋದು ಒಳ್ಳೆ ಸೇವೆ" ಎಂದರು ಅಯ್ಯನವರು. "ಇನ್ಮೇಲೆ ಚರ್ಚಿನ ಹಾಲ್‌ನಲ್ಲೇ ಮಾಡಿ. ಒಂದು ಬ್ಯಾನರ್ ಹಾಕಿಸೋಣ. ಮಕ್ಕಳು ಒಬ್ಬೊಬ್ಬರಾಗಿ ಸಾಕ್ಷಿ ಹೇಳಲಿ, ಅದನ್ನ ವಿಡಿಯೋ ಮಾಡಿ ನಮ್ಮ ಚಾನೆಲ್ಲಿಗೆ ಹಾಕೋಣ. ಎಷ್ಟೋ ಊರಿನ ಮಕ್ಕಳು ನೋಡ್ತಾರೆ."

ಕೃಪಾವತಿ ಬಾಯಿ ತೆರೆಯುವ ಮುಂಚೆಯೇ, ಅವಳ ಹಿಂದೆ ಬಂದಿದ್ದ ಅನುಗ್ರಹ ಹೇಳಿದಳು. "ಇಲ್ಲ ಅಯ್ಯನೋರೆ."

"ಯಾಕಮ್ಮ? ದೇವರಿಗೆ ಮಹಿಮೆ ಬರುತ್ತೆ."

"ನಾವು ಫೋನ್ ಕೆಳಗಿಟ್ಟಿದ್ದನ್ನ ಇನ್ನೊಬ್ರು ಫೋನ್ ಹಿಡ್ಕೊಂಡು ನೋಡ್ಬೇಕಾ? ನೋಡ್ಬೇಕು ಅನ್ನೋರು ತೋಟಕ್ಕೆ ಬರ್ಲಿ. ನಮ್ ಮುಖ ನೋಡಿ ಮಾತಾಡ್ಲಿ. ಎಷ್ಟ್ ಹೊತ್ತಾದ್ರೂ ಹೇಳ್ತೀವಿ."

ವಿಜಯಪಾಲ್ ಏನೋ ಹೇಳಹೊರಟರು. ಪಕ್ಕದಲ್ಲಿದ್ದ ಜೋಯಲ್ ಅಪ್ಪನ ತೋಳು ಮುಟ್ಟಿ ತಡೆದ. ಅಯ್ಯನವರು ಕೆಂಪೇರಿದರು, ಆಮೇಲೆ ಮೆಲ್ಲಗೆ ನಕ್ಕರು. "ಸರಿ. ಭಾನುವಾರ ಎಷ್ಟೊತ್ತಿಗೆ ಬರ್ಲಿ?" ಎಂದು ಕೇಳಿದರು.

"ಫೋನ್ ಮನೇಲಿಟ್ಟು ಬನ್ನಿ" ಎಂದಳು ಕೃಪಾವತಿ.

ಅವರು ಬಂದರು. ಗಂಗಕ್ಕ ಇನ್ನೊಂದು ಚಾಪೆ ತಂದಳು. ಬೇಸಿಗೆ ಕಳೆಯುವ ಹೊತ್ತಿಗೆ ತಿಮ್ಮರಾಜು ತನ್ನ ಮಗಳನ್ನೂ ಕರೆದುಕೊಂಡು ಬಂದ. "ನಮ್ದು ಬೇರೆ ದೇವ್ರು ಕಣಕ್ಕ, ಆದ್ರೂ ಕಾಯಿಲೆ ಒಂದೇ" ಎಂದ. ಆ ಹುಡುಗಿ ತನ್ನ ಪ್ರಾರ್ಥನೆ ತಾನು ಮಾಡಿಕೊಂಡಳು, ಉಳಿದವರು ಅವರದು ಅವರು ಮಾಡಿಕೊಂಡರು. ಅದಕ್ಕೂ ಕಮಿಟಿಯಲ್ಲಿ ಯಾರೋ ಗೊಣಗಿದರು. ಕೃಪಾವತಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ತಿಂಗಳಿಗೊಂದು ಭಾನುವಾರ ಮಕ್ಕಳು ಅವಳ ಬಸ್ಸಿನಲ್ಲೇ ಮಾಯಸಂದ್ರದವರೆಗೂ ಹೋಗುತ್ತಾರೆ. ದಾರಿಯ ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರು, ಮಾತಾಡಲು ಜನವಿಲ್ಲದವರು ಇದ್ದರೆ ಇಬ್ಬಿಬ್ಬರಾಗಿ ಇಳಿದು, ಅವರ ಹತ್ತಿರ ಕೂತು ಬರುತ್ತಾರೆ. ಹೋಗುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಒಂದೇ ಗದ್ದಲ. ನಗು, ಹಾಡು, ಒಬ್ಬರ ಕಾಲು ಒಬ್ಬರು ಎಳೆಯುವುದು. ಮೊನ್ನೆ ತುರುವೇಕೆರೆ ದಾಟಿದ ಮೇಲೆ ಇಯರ್‌ಫೋನು ಹಾಕಿಕೊಂಡಿದ್ದ ಒಬ್ಬ ಯಜಮಾನ ಸಿಡುಕಿನಿಂದ ಹಿಂತಿರುಗಿದ.

"ಏನಮ್ಮ ಕಂಡಕ್ಟ್ರೇ, ಈ ಹುಡುಗ್ರ ಬಾಯಿ ಮುಚ್ಸಿ. ವಿಡಿಯೋ ಒಂದಕ್ಷರ ಕೇಳ್ತಿಲ್ಲ."

"ಬಾಯಿ ಬಿಡ್ಸೋಕೇ ನಂಗೆ ಸಾಕ್ ಸಾಕಾಗಿದೆ ಕಣ್ರೀ" ಎಂದಳು ಕೃಪಾವತಿ, ಟಿಕೆಟ್ ಮೆಷಿನ್ನಿನ ಪಟ್ಟಿಯನ್ನು ಭುಜದ ಮೇಲೆ ಸರಿಮಾಡಿಕೊಳ್ಳುತ್ತ. "ಮುಚ್ಸೋದು ನನ್ ಕೈಲಾಗಲ್ಲ. ಟಿಕೆಟ್ ತಗೊಂಡ್ರಾ?"